ಕಾಫಿ ತೋಟಕ್ಕೆ ಸಂಬಂಧಪಟ್ಟ ಮೂರು ಹುಟ್ಟುಹಬ್ಬಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹುಟ್ಟುಹಬ್ಬ ನೆನಪಿಡುವುದರಲ್ಲಿ ಕೊಡಗು ಯಾರಿಗೂ ಕಡಿಮೆಯಿಲ್ಲ. ಜನವರಿ 28 ಎಂದರೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು, ಮಾರ್ಚ್ 31 ಎಂದರೆ ಜನರಲ್ ತಿಮ್ಮಯ್ಯನವರು. ಶಾಲೆಯ ಮಕ್ಕಳೂ ತಟ್ಟನೆ ಹೇಳುತ್ತಾರೆ. ವಿಜ್ಞಾನಿಗಳು, ಉದ್ಯಮ ಕಟ್ಟಿದವರು ಎಂದಾಗ ಮಾತ್ರ ನಮ್ಮ ಪಟ್ಟಿ ಸಿ. ವಿ. ರಾಮನ್, ಜೆಮ್‌ಶೆಡ್‌ಜಿ ಟಾಟಾ ಎನ್ನುವಷ್ಟಕ್ಕೇ ನಿಂತುಬಿಡುತ್ತದೆ. ಅವರು ದೊಡ್ಡವರೇ, ಎರಡು ಮಾತಿಲ್ಲ. ಆದರೆ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬೆಳೆಯುವ ಈ ಜಿಲ್ಲೆಯ ಕ್ಯಾಲೆಂಡರಿನಲ್ಲಿ ಇನ್ನೂ ಮೂವರಿಗೆ ಜಾಗ ಸಿಗಬೇಕು ಎಂಬುದು ನನ್ನ ವಾದ.

ಮೊದಲನೆಯವರು ಪಿಯರ್ ಮಿಲಾರ್ದೆ. ಹುಟ್ಟಿದ್ದು 1838ರ ಡಿಸೆಂಬರ್ 13ರಂದು. ಫ್ರಾನ್ಸಿನ ಬೋರ್ಡೋ ನಗರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಬೋರ್ಡೋ ಎಂದೊಡನೆ ತೋಟದವರ ಕಿವಿ ನೆಟ್ಟಗಾಗಿರಬೇಕು. ಹೌದು, ಕಾಫಿಯ ಕೊಳೆರೋಗಕ್ಕೂ ಎಲೆಯ ತುಕ್ಕಿಗೂ ನಾವು ಹೊಡೆಯುವ ಅದೇ ಬೋರ್ಡೋ ದ್ರಾವಣ. 1882ರ ಸುಮಾರಿಗೆ ಅಲ್ಲಿಯ ದ್ರಾಕ್ಷಿ ತೋಟಗಳಿಗೆ ಬೂಜು ರೋಗ ಬಡಿದು ಎಲೆ ಉದುರುತ್ತಿತ್ತು. ಒಂದು ತೋಟದಲ್ಲಿ ಮಾತ್ರ ರಸ್ತೆಯ ಅಂಚಿನ ಬಳ್ಳಿಗಳು ಹಸಿರಾಗಿದ್ದವು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚಿದ್ದರಂತೆ. ನೀಲಿ ಕಲೆ ಕಂಡರೆ ವಿಷವೆಂದು ಯಾರೂ ಮುಟ್ಟುತ್ತಿರಲಿಲ್ಲ. ಕಳ್ಳರನ್ನು ಹೆದರಿಸಲು ಹೂಡಿದ ಉಪಾಯ ರೋಗವನ್ನೂ ಓಡಿಸಿತ್ತು! ಮಿಲಾರ್ದೆ ಅದನ್ನು ಪ್ರಯೋಗಕ್ಕೆ ಒಡ್ಡಿ, 1885ರಲ್ಲಿ ಪ್ರಕಟಿಸಿದರು. ಇಂದಿಗೂ ಡ್ರಮ್ಮಿನಲ್ಲಿ ದ್ರಾವಣ ಕಲಸಿದ ಮೇಲೆ ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಹಾಗೆಯೇ ಹೊಡೆದರೆ ಎಲೆ ಸುಡುತ್ತದೆ.

ಎರಡನೆಯವರು ಮೆಲಿಟಾ ಬೆಂಟ್ಸ್, ಜರ್ಮನಿಯ ಡ್ರೆಸ್ಡೆನ್ ನಗರದ ಗೃಹಿಣಿ. ಹುಟ್ಟಿದ್ದು 1873ರ ಜನವರಿ 31ರಂದು, ಅಂದರೆ ಕಾರ್ಯಪ್ಪನವರ ಜಯಂತಿ ಕಳೆದು ಮೂರನೇ ದಿನಕ್ಕೆ ಇವರದು. ಲೋಟದ ತಳದಲ್ಲಿ ಉಳಿಯುವ ಗಸಿಯಿಂದ ಬೇಸತ್ತು, ಪಾತ್ರೆಯ ತಳಕ್ಕೆ ತೂತು ಹೊಡೆದು, ಮಗನ ಶಾಲಾ ಪುಸ್ತಕದ ಶಾಯಿ ಒತ್ತುವ ಕಾಗದವನ್ನು ಅದರೊಳಗೆ ಹಾಸಿ ಕಾಫಿ ಸೋಸಿದರು. 1908ರಲ್ಲಿ ಹಕ್ಕನ್ನು ನೋಂದಾಯಿಸಿ, ಅದೇ ವರ್ಷ ಕಂಪನಿ ತೆರೆದರು. ನಮ್ಮ ಮನೆಯ ಫಿಲ್ಟರಿಗೆ ಕಾಗದ ಬೇಡ, ನಿಜ. ಹೋಂಸ್ಟೇಗೆ ಬರುವ ಅತಿಥಿಗಳಲ್ಲಿ ಕೆಲವರು ಮಾತ್ರ ಅದನ್ನೇ ಕೇಳುತ್ತಾರೆ.

ಕೊನೆಯವರು ಫ್ರೀಡ್ಲೀಬ್ ರುಂಗೆ. ಜನ್ಮದಿನ ಫೆಬ್ರವರಿ 8. ಬೆಕ್ಕಿನ ಕಣ್ಣಿಗೆ ಒಂದು ವಿಷಸಸ್ಯದ ರಸ ಬಿಟ್ಟರೆ ಪಾಪೆ ಹಿಗ್ಗುವುದನ್ನು ಈ ತರುಣ ರಸಾಯನಶಾಸ್ತ್ರಜ್ಞ 1819ರಲ್ಲಿ ಜರ್ಮನ್ ಮಹಾಕವಿ ಗಯಟೆಯ ಮುಂದೆ ತೋರಿಸಿದ. ಅದಕ್ಕಾಗಿ ಬೆಕ್ಕನ್ನೇ ಹೊತ್ತುಕೊಂಡು ಹೋಗಿದ್ದ. ಮೆಚ್ಚಿದ ಗಯಟೆ ಆಗ ಅಪರೂಪವಾಗಿದ್ದ ಕಾಫಿ ಬೀಜಗಳನ್ನು ಕೈಗಿತ್ತು, ಇದನ್ನೂ ಪರೀಕ್ಷಿಸು ಎಂದರು. ಅದರಿಂದ ರುಂಗೆ ಬೇರ್ಪಡಿಸಿದ್ದೇ ಕೆಫೀನ್. ಕಾಫಿಯ ಎರಡು ತಳಿಗಳಲ್ಲಿ ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಅದು ಸುಮಾರು ಎರಡು ಪಟ್ಟು, ನಾವು ಹೆಚ್ಚಾಗಿ ಬೆಳೆಯುವುದೂ ರೋಬಸ್ಟಾವನ್ನೇ, ಹಾಗಾಗಿ ರುಂಗೆಯ ಮೇಲೆ ಕೊಡಗಿನವರಿಗೆ ಹಕ್ಕು ಹೆಚ್ಚು. ಫೆಬ್ರವರಿ 8ಕ್ಕೆ ರೋಬಸ್ಟಾ ಕೊಯ್ಲು ಭರದಿಂದ ಸಾಗಿರುತ್ತದೆ, ಕಣದ ತುಂಬ ಹಣ್ಣು ಹರಡಿರುತ್ತದೆ. ಅಂದು ರಜೆ ಕೊಡಿ ಎಂದು ಕೇಳುವ ಧೈರ್ಯ ಮಾತ್ರ ನನಗಿಲ್ಲ.

ನಮಸ್ಕಾರ.