ಅಲ್ಯೂಮಿನಿಯಂ ಹೆಡ್‌ನಲ್ಲಿ ಮುರಿದ ಸ್ಟಡ್: ಜೋರು ಬೇಡ, ಬಿಸಿ ಬೇಕು

[ದೃಶ್ಯ: ಕಲಬುರಗಿ, ಸೇಡಂ ರಸ್ತೆಯ ಒಂದು ಗ್ಯಾರೇಜ್. ಕ್ಯಾಮೆರಾ ಬೈಕ್ ಎಂಜಿನ್‌ನ ತೀರಾ ಹತ್ತಿರ.]

ನಮಸ್ಕಾರ್ರಿ. ಇಲ್ಲಿ ನೋಡಿ. ಸೈಲೆನ್ಸರ್ ಪೈಪ್ ಬಂದು ಎಂಜಿನ್ ಹೆಡ್‌ಗೆ ಕೂರುವ ಜಾಗ ಇದು. ಎರಡು ಸ್ಟಡ್ ಇರಬೇಕು. ಸ್ಟಡ್ ಅಂದರೆ ಒಂದು ತುದಿ ಹೆಡ್‌ಗೆ, ಇನ್ನೊಂದು ತುದಿ ನಟ್‌ಗೆ ತಿರುಗುವ ಕಂಬಿ. ಒಂದು ಸರಿಯಾಗಿದೆ. ಇನ್ನೊಂದು ಮುರಿದಿದೆ, ಜೋಳದ ಕಾಳಿನಷ್ಟು ಮಾತ್ರ ಹೊರಗೆ ಕಾಣುತ್ತಿದೆ.

ಗಾಡಿ ಚಿತ್ತಾಪುರ ಕಡೆಯ ಒಬ್ಬ ಕಾಕಾ ಅವರದು. ದಿನಾ ತೊಗರಿ ಹೊಲಕ್ಕೆ ಹೋಗಿ ಬರುವ ಬೈಕು. ಪೈಪ್ ಬಿಚ್ಚುವಾಗ ಯಾರೋ ಪಾನಾ ಹಾಕಿ ಜೋರಾಗಿ ಎಳೆದಿದ್ದಾರೆ. ನಟ್ ತಿರುಗಲಿಲ್ಲ, ಸ್ಟಡ್ಡೇ ಕತ್ತರಿಸಿ ಬಂತು. ಕಾಕಾ ಬಂದವರೇ ಕೇಳಿದ್ದು ಒಂದೇ ಮಾತು: "ತಮ್ಮಾ, ಹೆಡ್ ಹೊಸಾದೇ ಹಾಕಬೇಕೇನಪಾ?"

"ಬ್ಯಾಡ್ರಿ ಕಾಕಾ. ಆದ್ರ ಗಾಡಿ ಒಂದ್ ರಾತ್ರಿ ಇಲ್ಲೇ ಇರಲಿ" ಅಂದೆ.

ಆ ಒಂದು ರಾತ್ರಿ ಯಾಕೆ ಬೇಕು? ಮೊದಲು ಅದನ್ನೇ ಹೇಳುತ್ತೇನೆ.

[ದೃಶ್ಯ: ಹಳೆಯ ಸ್ಟಡ್ ಒಂದು ಅಂಗೈ ಮೇಲೆ. ತ್ರೆಡ್ (ಸುರುಳಿ ಗೆರೆ) ತುಂಬ ಬಿಳಿ ಪುಡಿ.]

ಸ್ಟಡ್ ಉಕ್ಕಿನದು, ಹೆಡ್ ಅಲ್ಯೂಮಿನಿಯಂನದು. ಎರಡು ಬೇರೆ ಲೋಹಗಳ ನಡುವೆ ನೀರು ಸೇರಿದರೆ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ. ಆಗ ಸವೆಯುವುದು ಅಲ್ಯೂಮಿನಿಯಂ. ಅದು ಈ ಬಿಳಿ ಪುಡಿಯಾಗುತ್ತದೆ. ಮೂಲ ಲೋಹಕ್ಕಿಂತ ಈ ಪುಡಿಗೆ ಜಾಸ್ತಿ ಜಾಗ ಬೇಕು, ಆದರೆ ತ್ರೆಡ್ ಒಳಗೆ ಜಾಗವೇ ಇಲ್ಲ. ಹಾಗಾಗಿ ಬೆಣೆ ಹೊಡೆದಂತೆ ಬಿಗಿದು ಕೂರುತ್ತದೆ. ನಮ್ಮ ಕಡೆ ಎರೆ ಮಣ್ಣು ಬೇರೆ. ಮಳೆಗಾಲದಲ್ಲಿ ಸ್ಟಡ್ ಸುತ್ತ ಮೆತ್ತಿಕೊಂಡರೆ ಒದ್ದೆಯನ್ನು ದಿನಗಟ್ಟಲೆ ಬಿಡುವುದಿಲ್ಲ. ಮೇಲಿಂದ ನೋಡಿದರೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ.

ಈಗ ಬಿಸಿಯ ವಿಷಯ. ಇದನ್ನು ಗಮನವಿಟ್ಟು ಕೇಳಿ.

ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸರಳು 100 ಡಿಗ್ರಿ ಬಿಸಿ ಏರಿದರೆ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕಿನ ಸರಳು ಹಿಗ್ಗುವುದು ಸುಮಾರು 1.2 ಮಾತ್ರ. ಅಂದರೆ ಎರಡನ್ನೂ ಒಟ್ಟಿಗೆ ಕಾಯಿಸಿದರೂ ಅಲ್ಯೂಮಿನಿಯಂ ತೂತು ಸ್ಟಡ್‌ಗಿಂತ ಹೆಚ್ಚು ದೊಡ್ಡದಾಗುತ್ತದೆ. 6 ಮಿಲಿಮೀಟರ್ ಸ್ಟಡ್‌ಗೆ 150 ಡಿಗ್ರಿ ಏರಿಸಿದರೆ ಸಿಗುವ ಸಂದು ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು. ಅಷ್ಟೇನಾ ಅನಿಸುತ್ತದೆ ಅಲ್ವಾ? ಆ ಬಿಳಿ ಪುಡಿಯ ಹಿಡಿತ ಬಿರುಕು ಬಿಡಲು, ಎಣ್ಣೆ ಒಳಗಿಳಿಯಲು ಅಷ್ಟು ಸಾಕು.

ಅದಕ್ಕೇ ಹೇಳುವುದು, ಕಾಯಿಸಬೇಕಾದದ್ದು ಸ್ಟಡ್ ಅಲ್ಲ, ಅದರ ಸುತ್ತಲಿನ ಹೆಡ್.

[ದೃಶ್ಯ: ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡುವುದು. ನಂತರ ಹಾಟ್ ಏರ್ ಗನ್.]

ಟ್ಯಾಂಕ್, ಪೆಟ್ರೋಲ್ ಪೈಪ್ ಮೊದಲು ತೆಗೆದು ದೂರ ಇಡಿ. ನಾನು ಗ್ಯಾಸ್ ಕಟ್ಟರ್ ಹಚ್ಚುವುದಿಲ್ಲ, ಹಾಟ್ ಏರ್ ಗನ್ ಸಾಕು. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಾಗಲ್ಲ. 660 ಡಿಗ್ರಿಗೆ ಕರಗುತ್ತದೆ, ಹೆಡ್‌ಗೆ ಬಳಸುವ ಮಿಶ್ರಲೋಹ ಇನ್ನೂ ಬೇಗ. ಹಗಲು ಬೆಳಕಿನಲ್ಲಿ ಬಣ್ಣ ಬದಲಾಗುವುದೇ ಕಾಣುವುದಿಲ್ಲ, ಒಮ್ಮೆಲೇ ಕುಸಿದುಬಿಡುತ್ತದೆ.

ಎಷ್ಟು ಕಾದಿದೆ ಅಂತ ತಿಳಿಯುವುದು ಹೇಗೆ? ಮನೆಯಲ್ಲಿ ರೊಟ್ಟಿ ಹಂಚಿನ ಮೇಲೆ ನೀರು ಚಿಮುಕಿಸಿ ನೋಡುತ್ತಾರಲ್ಲ, ಹಾಗೆಯೇ. ಹನಿ ಬಿದ್ದ ಕೂಡಲೇ ಚುಂಯ್ ಅಂದರೆ 100 ಡಿಗ್ರಿ ದಾಟಿದೆ. ಅಲ್ಲಿಂದ ಸ್ವಲ್ಪ ಹೊತ್ತು ಕಾಯಿಸಿ, ನಿಲ್ಲಿಸಿ. ಈಗ ಮೇಣದಬತ್ತಿಯನ್ನು ಸ್ಟಡ್ ಬುಡಕ್ಕೆ ಒತ್ತಿ ಹಿಡಿಯಿರಿ. ಮೇಣ ಕರಗಿ ತಾನೇ ಸಂದಿನೊಳಗೆ ಇಳಿಯುತ್ತದೆ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಮಾತ್ರ ಬಿಸಿ ತೋರಿಸಬೇಡಿ. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುತ್ತದೆ, ಕಾದರೆ ವಿಷದ ಗಾಳಿ ಬರುತ್ತದೆ.

ಪೂರ್ತಿ ಆರಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಣ್ಣ ಸುತ್ತಿಗೆಯಿಂದ ಸ್ಟಡ್ ತಲೆಗೆ ಮೆಲ್ಲಗೆ ನಾಲ್ಕು ಏಟು ಕೊಡಿ. ಮತ್ತೆ ಎಣ್ಣೆ. ಕಾಕಾ ಅವರ ಬೈಕನ್ನು ರಾತ್ರಿ ಇಟ್ಟುಕೊಂಡದ್ದು ಇದಕ್ಕೇ.

[ದೃಶ್ಯ: ಮರುದಿನ ಬೆಳಿಗ್ಗೆ. ವೆಲ್ಡಿಂಗ್.]

ಈ ತುಂಡು ಗ್ರಿಪ್ ಪ್ಲೈಯರ್‌ಗೆ ಸಿಗುವಷ್ಟು ಉದ್ದ ಇಲ್ಲ. ಹಾಗಾಗಿ ಅದರ ಮೇಲೆ ಒಂದು ಸೈಜ್ ದೊಡ್ಡ ನಟ್ ಇಟ್ಟು, ನಟ್‌ನ ತೂತಿನೊಳಗಿಂದ ವೆಲ್ಡಿಂಗ್ ಮಾಡುತ್ತಿದ್ದೇವೆ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಹೆಡ್ ಉಳಿಯುತ್ತದೆ. ಬ್ಯಾಟರಿ ವೈರ್ ಬಿಚ್ಚಿಟ್ಟಿರಬೇಕು. 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಲ್ಲಂತೂ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯುನ ಕನೆಕ್ಟರ್ ಸಹ ತೆಗೆಯಿರಿ.

ವೆಲ್ಡಿಂಗ್ ಆದ ಕೂಡಲೇ ಪಾನಾ ಹಾಕಬೇಡಿ. ಕೆಂಪು ಹೋಗಿ, ಸ್ವಲ್ಪ ಆರಲಿ. ಈಗ ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲೆಳೆಯಷ್ಟು. ಆಮೇಲೆ ಬಿಚ್ಚುವ ಕಡೆಗೆ. ಮತ್ತೆ ಬಿಗಿ, ಮತ್ತೆ ಸಡಿಲ. ಕಿರ್ರ್ ಅನ್ನುವ ಸದ್ದು ಕೇಳಿಸಿತಾ? ಅದು ಬಿಟ್ಟುಕೊಡುತ್ತಿರುವ ಸದ್ದು. ಅಲ್ಲಿ ಆಸೆ ಬಿದ್ದು ಒಂದೇ ಸಲಕ್ಕೆ ಎಳೆದರೆ ಮತ್ತೆ ಮುರಿಯುತ್ತದೆ. ಎರಡು ಮೂರು ನಟ್ ಕಿತ್ತುಬಂದರೂ ಬೇಜಾರಾಗಬೇಡಿ. ಪ್ರತಿ ವೆಲ್ಡಿಂಗ್ ಬಿಸಿಯೂ ಹಿಡಿತ ಸಡಿಲಿಸುತ್ತದೆ.

[ದೃಶ್ಯ: ಈಸಿ ಔಟ್ ಒಂದು ಕೈಯಲ್ಲಿ.]

ಇದರ ಬಗ್ಗೆ ಬಹಳ ಜನ ಕೇಳುತ್ತಾರೆ. ಈಸಿ ಔಟ್. ಸ್ಟಡ್‌ಗೆ ತೂತು ಕೊರೆದು, ಇದನ್ನು ಉಲ್ಟಾ ತಿರುಗಿಸಿ ತೆಗೆಯುವುದು. ಇಷ್ಟು ಜಾಮ್ ಆದ ಸ್ಟಡ್‌ಗೆ ನಾನು ಬಳಸುವುದಿಲ್ಲ. ಪೂರ್ತಿ ದಪ್ಪದ ಸ್ಟಡ್ಡೇ ತಿರುಗದೆ ಮುರಿದಿರುವಾಗ, ಅದರ ಅರ್ಧ ದಪ್ಪದ ಈಸಿ ಔಟ್ ತಿರುಗಿಸೀತೇ? ಮೇಲಾಗಿ ಅದು ಒಳಗಿನಿಂದ ಸ್ಟಡ್ಡನ್ನು ಅಗಲಿಸಿ ಇನ್ನೂ ಬಿಗಿ ಮಾಡುತ್ತದೆ. ಒಮ್ಮೆ ನನ್ನ ಕೈಯಲ್ಲೇ ಒಳಗೆ ಮುರಿಯಿತು. ಅದು ಎಷ್ಟು ಗಟ್ಟಿ ಅಂದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಸುಮ್ನೆ ಜಾರುತ್ತದೆ. ಕೊನೆಗೆ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಸ್ಪಾರ್ಕ್ ಎರೋಷನ್ ಮಷಿನ್ ಇರುವ ಕಡೆ ಕಳಿಸಿ ತೆಗೆಸಬೇಕಾಯಿತು. ಗಾಡಿಯವರು ವಾರಗಟ್ಟಲೆ ಬಸ್ಸಿನಲ್ಲಿ ಓಡಾಡಿದರು. ಆ ಬೇಸರ ಇನ್ನೂ ಇದೆ.

ವೆಲ್ಡಿಂಗ್‌ಗೂ ಬಗ್ಗದಿದ್ದರೆ ಕೊರೆಯುವುದೇ ದಾರಿ. ಬಿಟ್ ಕೂರಲು ಗುಳಿ ಮಾಡುವ ಸೆಂಟರ್ ಪಂಚ್ ಸರಿಯಾಗಿ ನಡುವೆ ಬೀಳಬೇಕು. ಸ್ವಲ್ಪ ಪಕ್ಕಕ್ಕಾದರೂ ಬಿಟ್ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಓಡುತ್ತದೆ. 3 ಮಿಲಿಮೀಟರ್‌ನಿಂದ ಶುರು ಮಾಡಿ 5ರವರೆಗೆ ಬನ್ನಿ, ಉಳಿದ ಸಿಪ್ಪೆಯನ್ನು ತ್ರೆಡ್ ಕೊರೆಯುವ 6 ಮಿಲಿಮೀಟರ್ ಟ್ಯಾಪ್‌ನಿಂದ ಬಿಡಿಸಿ. ತ್ರೆಡ್ ಹಾಳಾದರೆ ಹೊಸ ತ್ರೆಡ್ ಕೊಡುವ ತಂತಿಯ ಸುರುಳಿ, ಅಂದರೆ ಹೆಲಿಕಾಯಿಲ್ ಹಾಕಿ.

ಕಾರ್ಬೊರೇಟರ್‌ನಂಥ ಸಣ್ಣ ಭಾಗಕ್ಕೆ ಇನ್ನೊಂದು ದಾರಿ ಇದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಪಟಿಕದ ಗಟ್ಟಿ ನೀರಿನಲ್ಲಿ ಮುಳುಗಿಸಿ ಬಿಸಿಯಾಗಿ ಇಡುವುದು. ಉಕ್ಕು ಮೆಲ್ಲಗೆ ಕರಗುತ್ತದೆ, ಅಲ್ಯೂಮಿನಿಯಂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಉಳಿದ ಉಕ್ಕಿನ ಭಾಗಗಳನ್ನು ಮೊದಲೇ ಬಿಚ್ಚಿಡಬೇಕು, ಇಲ್ಲದಿದ್ದರೆ ಅವೂ ಕರಗುತ್ತವೆ. ಒಂದೆರಡು ದಿನ ಹಿಡಿದರೂ ಹಿಡಿಯಬಹುದು.

[ದೃಶ್ಯ: ಸ್ಟಡ್ ಹೊರಬರುತ್ತದೆ. ಕಾಕಾ ಬಗ್ಗಿ ನೋಡುತ್ತಿದ್ದಾರೆ.]

ಬಂತು ನೋಡಿ. ಮೂರನೇ ನಟ್‌ಗೆ.

ಈಗ ಟ್ಯಾಪ್ ಹಾಕಿ ತ್ರೆಡ್ ಸ್ವಚ್ಛ ಮಾಡಿ, ಗಾಳಿ ಹೊಡೆಯಿರಿ. ಹೊಸ ಸ್ಟಡ್‌ಗೆ, ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಸವರಿ. ಗ್ರೀಸ್ ಬೇಡ, ಸೈಲೆನ್ಸರ್ ಬಿಸಿಗೆ ಸುಟ್ಟುಹೋಗುತ್ತದೆ. ನಟ್ ಹಿತ್ತಾಳೆಯದೇ ಹಾಕಿ, ಅದು ಉಕ್ಕಿನ ಹಾಗೆ ತುಕ್ಕು ಹಿಡಿದು ಸ್ಟಡ್‌ಗೆ ಕಚ್ಚಿಕೊಳ್ಳುವುದಿಲ್ಲ. ಬಿಗಿ ಮಾಡುವಾಗ ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ, ಪೈಪ್ ನೇರ ಕೂರುವ ಹಾಗೆ.

ಕಾಕಾ, ನಾಲ್ಕು ದಿನ ಓಡಿಸಿ, ಎಂಜಿನ್ ತಣ್ಣಗಿರುವಾಗ ಒಮ್ಮೆ ಬನ್ರಿ. ಹೊಸ ಗ್ಯಾಸ್ಕೆಟ್ ಕೂತಿರುತ್ತದೆ, ನಟ್ ಒಮ್ಮೆ ನೋಡಿಬಿಡೋಣ.