ಸಿಡ್ನಿಯ ‘ಅಟ್ಲಾಂಟಿಕ್ಸ್’ ತಂಡ

ಕೇಳುಗರಿಗೆ ನಮಸ್ಕಾರ. ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ 1960ರ ದಶಕದ ಆರಂಭದಲ್ಲಿ ಹುಟ್ಟಿದ ‘ದಿ ಅಟ್ಲಾಂಟಿಕ್ಸ್’ ಎಂಬ ರಾಕ್ ತಂಡದ ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಎರಡು ಗಿಟಾರ್, ಒಂದು ಬೇಸ್ ಗಿಟಾರ್, ಡ್ರಮ್ಸ್, ಇಷ್ಟೇ ಈ ತಂಡದ ಬಂಡವಾಳ. ಇವರಿಗೆ ಹೆಸರು ತಂದ ಕೃತಿಗಳಲ್ಲಿ ಹಾಡುವವರು ಯಾರೂ ಇರಲಿಲ್ಲ. ಹೆಸರು ಕೇಳಿದವರಿಗೆ ಮಹಾಸಾಗರ ನೆನಪಾಗುವುದು ಸಹಜ. ಹುಡುಗರು ಅದನ್ನು ಎತ್ತಿಕೊಂಡದ್ದು ಮಾತ್ರ ಆ ಕಾಲದ ಒಂದು ಪೆಟ್ರೋಲ್ ಕಂಪನಿಯಿಂದ.

ಎರಡನೆಯ ಮಹಾಯುದ್ಧದ ನಂತರ ಜನಬಲ ಸಾಲದೆಂದು ಆಸ್ಟ್ರೇಲಿಯಾ ಸರ್ಕಾರ 1945ರಲ್ಲಿ ವಲಸೆಗೆಂದೇ ಒಂದು ಇಲಾಖೆಯನ್ನು ಸ್ಥಾಪಿಸಿತು. ಬ್ರಿಟನ್ನಿನಿಂದ ಬರುವವರು ಸಾಲದೆ ಹೋದಾಗ ದಕ್ಷಿಣ ಮತ್ತು ಪೂರ್ವ ಯುರೋಪಿನವರನ್ನೂ ಬರಮಾಡಿಕೊಂಡಿತು. ಏಷ್ಯಾದವರಿಗೆ ಈ ಸ್ವಾಗತ ಇರಲಿಲ್ಲವೆಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬಂದವರಿಗೆ ‘ಹೊಸ ಆಸ್ಟ್ರೇಲಿಯನ್ನರು’ ಎಂಬ ಹೆಸರಿಟ್ಟು, ಅವರು ತಮ್ಮ ನುಡಿಯನ್ನೂ ರೂಢಿಯನ್ನೂ ಬೇಗ ಬಿಟ್ಟು ಊರಿನವರೊಳಗೆ ಬೆರೆತುಹೋಗಲೆಂದು ಸಮಾಜ ಬಯಸುತ್ತಿತ್ತು. ಅಟ್ಲಾಂಟಿಕ್ಸ್ ರೂಪುಗೊಂಡದ್ದು ಇಂಥ ಕಾಲದಲ್ಲಿ. ಗಿಟಾರ್ ವಾದಕರಾದ ಥಿಯೋ ಪೆಂಗ್ಲಿಸ್ ಮತ್ತು ಜಿಮ್ ಸ್ಕಿಯಾಥಿಟಿಸ್ ಗ್ರೀಕ್ ಮೂಲದವರು. ಬೇಸ್ ನುಡಿಸುತ್ತಿದ್ದ ಬಾಸ್ಕೋ ಬೊಸಾನಾಕ್ ಯುಗೋಸ್ಲಾವಿಯಾ ಮೂಲದವರು. ಡ್ರಮ್ಸ್ ಪೀಟರ್ ಹುಡ್ ಅವರದು. ಸಿಬಿಎಸ್ ಸಂಸ್ಥೆಯಲ್ಲಿ ಇವರ ಧ್ವನಿಮುದ್ರಣ ನೋಡಿಕೊಂಡ ಸ್ವೆನ್ ಲಿಬೆಕ್ ಕೂಡ ನಾರ್ವೆಯಿಂದ ಬಂದವರೇ.

1963ರಲ್ಲಿ ಹೊರಬಂದ ಮೊದಲ ಗಾನತಟ್ಟೆ ‘ಮೂನ್ ಮ್ಯಾನ್’ ಹೆಚ್ಚು ಸದ್ದು ಮಾಡಲಿಲ್ಲ. ಅದೇ ವರ್ಷದ ನಡುವಿನಲ್ಲಿ ಬಂದ ‘ಬೊಂಬೋರಾ’ ತಂಡದ ದೆಸೆಯನ್ನೇ ಬದಲಿಸಿತು. ನೀರಿನೊಳಗೆ ಅಡಗಿದ ಬಂಡೆಯ ಮೇಲೆ ಒಡೆಯುವ ಅಪಾಯಕಾರಿ ಅಲೆಗೆ ಅಲ್ಲಿನ ಮೂಲನಿವಾಸಿಗಳಿಂದ ಬಂದ ಹೆಸರದು. ಹುಡ್ ಮತ್ತು ಸ್ಕಿಯಾಥಿಟಿಸ್ ಸೇರಿ ರಚಿಸಿದ ಈ ಕೃತಿ ಆಸ್ಟ್ರೇಲಿಯಾದ ಜನಪ್ರಿಯತೆಯ ಪಟ್ಟಿಯಲ್ಲಿ ಮೇಲಿನ ಸಾಲಿಗೇರಿ, ಹೊರದೇಶಗಳಲ್ಲಿಯೂ ಬಿಡುಗಡೆಯಾಯಿತು. ಇಂಗ್ಲೆಂಡ್, ಅಮೆರಿಕಗಳ ಯಶಸ್ವಿ ಹಾಡುಗಳನ್ನು ಮತ್ತೆ ನುಡಿಸಿ ಬದುಕುತ್ತಿದ್ದ ಸ್ಥಳೀಯ ತಂಡಗಳ ನಡುವೆ ಸ್ವಂತ ರಚನೆಯಿಂದ ಗೆಲ್ಲುವುದು ಅಪರೂಪದ ಮಾತಾಗಿತ್ತು. ನನ್ನ ದೃಷ್ಟಿಯಲ್ಲಿ ಇವರ ದೊಡ್ಡ ಸಾಧನೆ ಇದೇ.

ಆ ನಾದದ ಗುಟ್ಟನ್ನು ಸ್ವಲ್ಪ ವಿವರಿಸಬೇಕು. ಗಿಟಾರಿನಿಂದ ಹೊರಟ ವಿದ್ಯುತ್ ಸಂಕೇತವನ್ನು ಸುರುಳಿ ಸ್ಪ್ರಿಂಗುಗಳ ಮೂಲಕ ಹಾಯಿಸಿದರೆ, ಅವುಗಳ ಕಂಪನದಿಂದ ಪ್ರತಿ ಸ್ವರವೂ ತುಸು ತಡವಾಗಿ, ಒದ್ದೆ ಗುಹೆಯೊಳಗಿನ ಮಾರ್ದನಿಯಂತೆ ಹಿಂತಿರುಗುತ್ತದೆ. ಇದನ್ನು ರಿವರ್ಬ್ ಎನ್ನುತ್ತಾರೆ. ಇದರ ಜೊತೆಗೆ ಒಂದೇ ತಂತಿಯನ್ನು ಮೇಲಕ್ಕೂ ಕೆಳಕ್ಕೂ ಬಿಡುವಿಲ್ಲದೆ ಮೀಟುವ ಕ್ರಮ. ಕಡಲಲೆಯ ಮೇಲೆ ಹಲಗೆಯೇರಿ ಆಡುವ ಯುವಕರ ಸಂಗೀತ, ಅಂದರೆ ‘ಸರ್ಫ್’ ಸಂಗೀತವೆಂದು ಹೆಸರಾದ ಈ ಶೈಲಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದ ಡಿಕ್ ಡೇಲ್ ಅವರ ತಂದೆಯ ಕಡೆಯವರು ಲೆಬನಾನಿನವರು. ಗ್ರೀಕರ ಬೂಝೂಕಿ ಎಂಬ ತಂತಿವಾದ್ಯದಲ್ಲಿಯೂ ಇಂಥ ಮೀಟು ಹಳೆಯದು. ಹಾಗಾಗಿ ಕಡಲತೀರದ್ದೆಂದು ಜಗತ್ತು ಕೇಳಿದ ನಾದದಲ್ಲಿ ಪೂರ್ವ ಮೆಡಿಟರೇನಿಯನ್ನಿನ ಬೆರಳುಗಳಿದ್ದವು ಎನ್ನಲು ಅಡ್ಡಿಯಿಲ್ಲ. ‘ಮೂನ್ ಮ್ಯಾನ್’ ತಟ್ಟೆಯ ಹಿಂಬದಿಯಲ್ಲಿ ‘ಡಾರ್ಕ್ ಐಸ್’ ಎಂಬ ಹಳೆಯ ರಷ್ಯನ್ ಧಾಟಿ ಇದ್ದದ್ದೂ ಗಮನಿಸತಕ್ಕದ್ದು.

‘ದಿ ಕ್ರಷರ್’ ಬಂದದ್ದು 1963ರ ಕೊನೆಯಲ್ಲಿ. ಮರುವರ್ಷದ ‘ವಾರ್ ಆಫ್ ದಿ ವರ್ಲ್ಡ್ಸ್’ನಲ್ಲಿ ಸ್ಟುಡಿಯೋದ ವಿಚಿತ್ರ ಸದ್ದುಗಳನ್ನೇ ರಚನೆಯ ಭಾಗವಾಗಿಸಿದರು. ಆದರೆ 1964ರ ಜೂನ್‌ನಲ್ಲಿ ಬೀಟಲ್ಸ್ ಆಸ್ಟ್ರೇಲಿಯಾಕ್ಕೆ ಬಂದು ಹೋದ ಮೇಲೆ ಕೇಳುಗರಿಗೆ ಕಂಠ ಬೇಕಾಯಿತು. ತಂಡವೂ ಜಾನಿ ರೆಬ್ ಎಂಬ ಗಾಯಕರನ್ನು ಸೇರಿಸಿಕೊಂಡಿತು. 1967ರ ‘ಕಮ್ ಆನ್’ ಒರಟು ಗ್ಯಾರೇಜ್ ರಾಕ್‌ನ ಒಳ್ಳೆಯ ಮಾದರಿಯಾದರೂ ಅದು ಮೊದಲಿನ ಅಟ್ಲಾಂಟಿಕ್ಸ್ ಅಲ್ಲ. 1970ರ ಹೊತ್ತಿಗೆ ತಂಡ ಚದುರಿತು.

ಸುಮಾರು ಮೂರು ದಶಕಗಳ ಬಳಿಕ ಸ್ಕಿಯಾಥಿಟಿಸ್, ಹುಡ್ ಮತ್ತು ಬೊಸಾನಾಕ್, ಮಾರ್ಟಿನ್ ಸಿಲಿಯಾ ಎಂಬ ಕಿರಿಯ ಗಿಟಾರ್ ವಾದಕರೊಡನೆ ಮತ್ತೆ ಕೂಡಿದರು. ‘ಫ್ಲೈಟ್ ಆಫ್ ದಿ ಸರ್ಫ್ ಗಿಟಾರ್’ ಎಂಬ ಸಂಕಲನದಲ್ಲಿ ಅವರು ಹಳೆಯ ಕೀರ್ತಿಯನ್ನಷ್ಟೇ ನೆಚ್ಚಿಕೊಳ್ಳದೆ ಹೊಸ ರಚನೆಗಳನ್ನೂ ನುಡಿಸಿದರು. ಈ ತಂಡವನ್ನು ಮೊದಲ ಬಾರಿಗೆ ಕೇಳುವವರು ‘ಬೊಂಬೋರಾ’ದ 1963ರ ಮೂಲ ಮುದ್ರಣದಿಂದಲೇ ಆರಂಭಿಸಬೇಕೆಂದು ನನ್ನ ಸಲಹೆ. ನಮಸ್ಕಾರ.