ಇರುವೆಗೆ ಸ್ಪ್ರೇ ಹೊಡೆಯಬೇಡಿ

ಕೇಳುಗರಿಗೆ ನಮಸ್ಕಾರ. ಡೊಂಬಿವಿಲಿ, ಮುಲುಂಡ್, ಥಾಣೆ, ನಮ್ಮ ಕನ್ನಡದವರ ಮನೆಗೆ ಎಲ್ಲಿ ಹೋದರೂ ನನಗೆ ಬರುವ ಪ್ರಶ್ನೆ ಒಂದೇ. "ಸರ್, ಈ ಸಣ್ಣ ಇರುವೆಗಳನ್ನು ಒಂದೇ ಸಲಕ್ಕೆ ಮುಗಿಸೋ ಔಷಧಿ ಯಾವುದು?" ಅಂಥ ಔಷಧಿ ಇಲ್ಲ. ಈ ಸಣ್ಣ ಇರುವೆಯ ಹೆಸರು ಫೇರೋ ಇರುವೆ, ಹಡಗಿನ ಸಾಮಾನಿನ ಜೊತೆ ಲೋಕವೆಲ್ಲ ಸುತ್ತಿದ ಜೀವಿ. ಮುಂಬೈ ಬಿಟ್ಟು ಅದು ಇನ್ನು ಹೋಗುವುದಿಲ್ಲ. ಆದರೆ ನಿಮ್ಮ ಅಡುಗೆಮನೆಯಲ್ಲಿ ಅದರ ಕಾಟ ಇಲ್ಲದ ಹಾಗೆ ಮಾಡಬಹುದು. ಅದಕ್ಕೆ ಮೊದಲು ಸ್ಪ್ರೇ ಕೆಳಗಿಡಿ.

ಎರಡು ಮಿಲಿಮೀಟರ್ ಉದ್ದ, ತಿಳಿ ಹಳದಿ ಮೈ, ಹಿಂಭಾಗ ಸ್ವಲ್ಪ ಕಪ್ಪು. ಸ್ವಿಚ್ ಬೋರ್ಡಿನ ಹಿಂದೆ, ಟೈಲ್ಸ್ ಸಂದಿಯಲ್ಲಿ ಗೂಡು. ಒಂದೇ ಗೂಡಿನಲ್ಲಿ ಎಷ್ಟೋ ರಾಣಿಗಳು. ಸ್ಪ್ರೇ ಹೊಡೆದರೆ ಹೊರಗಿದ್ದ ಕೆಲವು ಸಾಯುತ್ತವೆ, ಅಷ್ಟೇ. ಉಳಿದವು ಮೊಟ್ಟೆ ಮರಿ ಎತ್ತಿಕೊಂಡು ಚದುರಿ ಹೋಗಿ ಬೇರೆ ಬೇರೆ ಸಂಸಾರ ಹೂಡುತ್ತವೆ. ಒಂದಿದ್ದ ಗೂಡು ನಾಲ್ಕಾಗುತ್ತದೆ.

ಡೊಂಬಿವಿಲಿಯ ಏಳು ಮಾಳಿಗೆಯ ಕಟ್ಟಡವೊಂದರ ಕಥೆ ಹೇಳಲೇಬೇಕು. ಮೂರನೇ ಮಾಳಿಗೆಯ ಅಕ್ಕ ಒಬ್ಬರ ಮನೆಯಲ್ಲಿ ಮಗುವಿನ ಹಾಲಿನ ಪುಡಿ ಡಬ್ಬಕ್ಕೆ ಇರುವೆ ಹತ್ತಿತು. ಸೊಸೈಟಿಯವರು ಪೆಸ್ಟ್ ಕಂಟ್ರೋಲ್ ಕರೆಸಿ ಮೆಟ್ಟಿಲಿಂದ ಟೆರೇಸ್ ತನಕ ಹೊಡೆಸಿದರು. ಎರಡು ದಿನ ನೆಮ್ಮದಿ. ತಿಂಗಳೊಳಗೆ ಐದನೇ ಮಾಳಿಗೆಯಲ್ಲಿ ಇರುವೆ, ಅಲ್ಲಿ ಹಿಂದೆ ಎಂದೂ ಇರಲಿಲ್ಲ! ಮೀಟಿಂಗಿನಲ್ಲಿ ಜಗಳ. ಎಲ್ಲ ತಪ್ಪೂ ಆ ಅಕ್ಕನ ತಲೆಗೆ.

ನನ್ನನ್ನು ಕರೆದರು. ಅವರ ಸ್ವಿಚ್ ಬೋರ್ಡಿನ ಪಕ್ಕ ಕಾಗದದ ಚೂರಿನ ಮೇಲೆ ಒಂದು ತೊಟ್ಟು ಜೇನುತುಪ್ಪ ಇಟ್ಟು ಕಾದು ಕೂತೆ. ಸಾಲು ಬಂತು. ಅದರ ಹಿಂದೆಯೇ ಹೋದರೆ, ಬಾತ್‌ರೂಮಿನ ನೀರಿನ ಪೈಪು ಹಿಡಿದು ನೇರ ಮೇಲಕ್ಕೆ! ಇರುವೆ ಅಕ್ಕನದಲ್ಲ, ಇಡೀ ಕಟ್ಟಡದ್ದು. ಹಾಗಾಗಿ ಎಲ್ಲ ಮನೆಗಳಲ್ಲೂ ಒಂದೇ ದಿನ ಸಿಹಿ ಔಷಧಿ ಇಡಿಸಿದೆ. ಅಕ್ಕ ಗಾಬರಿಯಾದರು. "ಅಲ್ಲ ಸರ್, ಓಡಿಸಿ ಅಂದರೆ ನೀವು ಊಟ ಹಾಕ್ತಾ ಇದ್ದೀರಲ್ಲ!" ಮೊದಲ ದಿನ ಸಾಲು ಇನ್ನೂ ದಪ್ಪವಾಯಿತು. ಚೇರ್ಮನ್ನರ ಕೈಯಲ್ಲಿ ಸ್ಪ್ರೇ ಡಬ್ಬಿ ರೆಡಿ. ಬೇಡ, ಮುಟ್ಟಬೇಡಿ, ತಿನ್ನಲಿ ಬಿಡಿ ಅಂತ ಅಂಗಲಾಚಿದೆ. ಮೂರನೇ ವಾರಕ್ಕೆ ಸಾಲು ತೆಳ್ಳಗಾಯಿತು. ಆಮೇಲೆ ಅಲ್ಲೊಂದು ಇಲ್ಲೊಂದು.

ಕಾರಣ ಇಷ್ಟೇ. ತಿಂದ ಇರುವೆ ದಾರಿಯಲ್ಲೇ ಸಾಯಬಾರದು. ಗೂಡಿಗೆ ಹೋಗಿ ರಾಣಿಗೆ, ಮರಿಗೆ ಬಾಯಿಂದ ಬಾಯಿಗೆ ಕೊಡಬೇಕು. ಅದಕ್ಕೇ ವಿಷ ಕಡಿಮೆ ಇರಬೇಕು. ಬರೆದುಕೊಳ್ಳಿ: ನೂರು ಮಿಲಿಲೀಟರ್ ನೀರು, ಎರಡು ಚಮಚ ಸಕ್ಕರೆ, ಕೆಮಿಸ್ಟ್ ಹತ್ತಿರ ಸಿಗುವ ಬೋರಿಕ್ ಪೌಡರ್ ಕಾಲು ಚಮಚ. ಜಾಸ್ತಿ ಹಾಕಿದರೆ ಬೇಗ ಹೋಗುತ್ತವೆ ಅಂದುಕೊಳ್ಳಬೇಡಿ, ಹೋಗುವುದಿಲ್ಲ! ಹತ್ತಿಯಲ್ಲಿ ಅದ್ದಿ ಸಾಲಿನ ಪಕ್ಕ ಇಡಿ. ಮಕ್ಕಳ ಕೈಗೆ ಸಿಗದಿರಲಿ. ಸಿಹಿಗೆ ಬರದಿದ್ದರೆ ಶೇಂಗಾ ಬೆಣ್ಣೆಯಲ್ಲಿ ಚೂರು ಬೋರಿಕ್ ಕಲಸಿ.

ವಿಷ ಸುರಿದರೆ ಇರುವೆ ಮುಗಿಯುವುದಿಲ್ಲ ಅನ್ನುವುದಕ್ಕೆ ಅಮೆರಿಕದ ಉದಾಹರಣೆಯೊಂದಿದೆ, ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. 1957ರಲ್ಲಿ ಅಲ್ಲಿನ ಸರ್ಕಾರ ಬೆಂಕಿ ಇರುವೆಯನ್ನು, ಅಂದರೆ ಕಚ್ಚಿದರೆ ಬೆಂಕಿಯಂತೆ ಉರಿಯುವ ಇರುವೆಯನ್ನು, ನಿರ್ಮೂಲ ಮಾಡುತ್ತೇವೆಂದು ಹೊರಟು ವಿಮಾನದಿಂದ ವಿಷ ಸುರಿಸಿತು. ಹಕ್ಕಿಗಳು ಸತ್ತವು, ಇರುವೆ ಉಳಿಯಿತು. ಆಮೇಲೆ ಬಳಸಿದ ಮೈರೆಕ್ಸ್ ವಿಷವನ್ನೂ 1978ರಲ್ಲಿ ನಿಲ್ಲಿಸಬೇಕಾಯಿತು. ನಿಮ್ಮ ಮನೆಗೆ ಇನ್ನೊಂದು ಮಾತು. ಕಿಟಕಿ ಗ್ರಿಲ್ಲಿನ ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಬಂದಿದ್ದರೆ ಸೋಪು ನೀರಿನಲ್ಲಿ ತೊಳೆಯಿರಿ. ಅದು ಸುರಿಸುವ ಸಿಹಿ ರಸಕ್ಕೂ ಇರುವೆಗಳು ಬರುತ್ತವೆ.

ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಒಂದು ತಾರೀಕು ಗೊತ್ತುಮಾಡಿ. ಬೀಗ ಹಾಕಿರುವ ಫ್ಲ್ಯಾಟಿನ ಕೀಲಿಯನ್ನೂ ತರಿಸಿಕೊಳ್ಳಿ. ಎಲ್ಲ ಮನೆಯಲ್ಲೂ ಅದೇ ದಿನ ಸಿಹಿ ಔಷಧಿ ಇಡಿ, ಮೂರು ವಾರ ಯಾರೂ ಸ್ಪ್ರೇ ಮುಟ್ಟಬೇಡಿ. ನಮಸ್ಕಾರ.